ಕುಲಕರ್ಣಿ ಅಂಕಲ್ ಬೇಡವೆಂದ ಬೈಕು

ವಾರವೆಲ್ಲ ನನ್ನ ಕೈಗೆ ಲವಂಗದ ಎಣ್ಣೆಯ ವಾಸನೆ, ಭಾನುವಾರ ಮಾತ್ರ ಚೈನಿಗೆ ಹಾಕುವ ಎಣ್ಣೆಯದು. ಮೊದಲನೆಯದು ಕಸುಬಿನದು, ಲಾಸ್ ಏಂಜಲೀಸಿನ ಪಕ್ಕದ ಗ್ಲೆಂಡೇಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಡಾಕ್ಟರಾಗಿದ್ದೇನೆ. ಎರಡನೆಯದು ನನ್ನ ಖುಷಿಯದು. ಇವತ್ತು ಬೆಳಿಗ್ಗೆ ಗ್ಯಾರೇಜಿನ ಬಾಗಿಲೆತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೈಕಿನ ಚೈನಿನ ಒಂದೊಂದು ಕೊಂಡಿಯನ್ನೂ ತಿಕ್ಕಿ, ಎಣ್ಣೆ ಬಿಟ್ಟು ಒಳಗೆ ಬಂದೆ. ಮೂರು ಸಲ ಸೋಪು ಹಾಕಿದರೂ ಉಗುರಿನ ಸಂದಿಯ ವಾಸನೆ ಹೋಗಲಿಲ್ಲ. ಅದೇ ಕೈಯಲ್ಲಿ ಕರಿಬೇವು ಬಿಡಿಸಿ ಒಗ್ಗರಣೆ ಹಾಕಿದೆ. ವಾಸನೆ ಇದ್ದರೆ ಇರಲಿ, ಇದು ನನ್ನ ಅಡುಗೆಮನೆ.

ಹಲ್ಲಿನ ಡಾಕ್ಟರಿಗೆ ಬೈಕೆಂಥದು, ಅದೂ ಈ ವಯಸ್ಸಿನಲ್ಲಿ ಎಂದು ನೀವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ನನಗೆ ಗೊತ್ತು. ಕಷ್ಟಪಡಬೇಡಿ, ನಾನೇ ಹೇಳುತ್ತೇನೆ: ಐವತ್ತಮೂರು. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಏನಾದರೂ ಹಗುರವಾಗಿ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಹಗುರವಾಗಿಯೇ ಶುರುಮಾಡುತ್ತೇನೆ. ಮುಂದೆ ಭಾರವಾದರೆ ತಪ್ಪು ಸಂಪಾದಕರದಲ್ಲ, ನನ್ನದು.

ಕೊರೊನಾ ಬಂದು ಕ್ಲಿನಿಕ್ಕಿಗೆ ಬೀಗ ಬಿದ್ದಾಗ ಇದೆಲ್ಲ ಶುರುವಾಯಿತು. ನಮ್ಮದು ಬೇರೆಯವರ ಬಾಯಿಯ ಮೇಲೆ ಬಗ್ಗಿಕೊಂಡೇ ಬದುಕುವ ಕಸುಬು. ಆಗ ಬಾಯಿ ಎಂದರೆ ಲೋಕಕ್ಕೆಲ್ಲ ಭಯ. ಮನೆಯಲ್ಲಿ ಕೂತು ಕೂತು ಬೇಸರವಾದಾಗ ಕಾರು ತೆಗೆದುಕೊಂಡು ಬೆಟ್ಟದ ರಸ್ತೆ ಹತ್ತುತ್ತಿದ್ದೆ. ಒಂದು ಸಂಜೆ ಅಲ್ಲಿ ಒಂದು ಬೈಕು ನನ್ನನ್ನು ದಾಟಿ, ತಿರುವಿನಲ್ಲಿ ಒಂದು ಕಡೆಗೆ ವಾಲಿ, ಮತ್ತೆ ಎದ್ದು ಮರೆಯಾಯಿತು. ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಆ ಸವಾರಿ ನಿಂತಿತ್ತು. ಹೆಲ್ಮೆಟ್ ತೆಗೆದರೆ ಬಿಳಿ ಜಡೆ! ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಜೇಬಿನಿಂದ ಕಿತ್ತಳೆ ಹಣ್ಣು ತೆಗೆದು ಸುಲಿಯತೊಡಗಿದಳು. ನನಗೆ ಆಗ ಬಂದದ್ದು ಮೆಚ್ಚುಗೆಯಲ್ಲ, ಹೊಟ್ಟೆಕಿಚ್ಚು. ಎಷ್ಟೋ ವರ್ಷದಿಂದ ಹೊಟ್ಟೆಕಿಚ್ಚನ್ನೂ ಪಡದಷ್ಟು ಸಮಾಧಾನವಾಗಿ ಬದುಕಿದ್ದೆನಲ್ಲ ಎಂದು ಗಾಬರಿಯಾಯಿತು.

ಬೈಕು ಕಲಿಸುವ ವಾರಾಂತ್ಯದ ತರಗತಿಗೆ ಸೇರಿದೆ. ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ನಿಧಾನವಾಗಿ ಎಂಟು ಬರೆದು, ಎರಡು ಸಲ ಎಂಜಿನ್ ಆಫ್ ಮಾಡಿಕೊಂಡು, ಕೊನೆಗೆ ಪಾಸಾದೆ. ಲೈಸೆನ್ಸ್ ಕೈಗೆ ಬಂದ ಮೇಲೆಯೇ ಮನೆಯಲ್ಲಿ ಹೇಳಿದ್ದು. ಕಲ್ವರ್ ಸಿಟಿಯಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ, “ಅಮ್ಮಾ, ದಿಸ್ ಈಸ್ ಸೋ ಎಂಬರಸಿಂಗ್. ಬಟ್ ಸೆಂಡ್ ಮಿ ಎ ಪಿಕ್ಚರ್” ಎಂದಳು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಸಂಘದ ಪಾಟ್‌ಲಕ್ ಊಟಗಳು ಮತ್ತೆ ಶುರುವಾದಾಗ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಬಿಸಿಬೇಳೆಭಾತಿನ ತಟ್ಟೆ ಹಿಡಿದು ಬಂದವರೆಲ್ಲ ಒಂದೊಂದು ಅಪಘಾತದ ಕಥೆ ಹೇಳಿ ಹೋದರು. ಹೃದಯದ ಡಾಕ್ಟರೊಬ್ಬರು, “ನಿಮ್ಮ ಕೈಯೇ ನಿಮ್ಮ ಅನ್ನ ಮೇಡಂ, ಸ್ವಲ್ಪ ಯೋಚ್ನೆ ಮಾಡಿ” ಎಂದರು.

“ಕೈ ಇರೋದು ಬರೀ ಅನ್ನಕ್ಕಲ್ಲ ಡಾಕ್ಟ್ರೇ” ಎಂದೆ. ಅವರು ಹಪ್ಪಳದ ಕಡೆ ಹೋದರು.

ನಮ್ಮವರು ಟೆಲಿಕಾಂ ಎಂಜಿನಿಯರ್. ಮದುವೆಯಾದಂದಿನಿಂದ ಇಲ್ಲ ಎಂದು ನೇರವಾಗಿ ಹೇಳಿದವರಲ್ಲ. “ನಂದೇನೂ ಅಭ್ಯಂತರ ಇಲ್ಲ ಕಣೇ. ಕುಲಕರ್ಣಿ ಅಂಕಲ್ ಹೂಂ ಅಂದ್ರೆ ತಗೋ” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕುಲಕರ್ಣಿ ಅಂಕಲ್ ಹೂಂ ಎನ್ನುವುದೇ ಇಲ್ಲವೆಂಬ ಧೈರ್ಯ ಅವರಿಗೆ.

ಇತ್ತೀಚೆಗೆ ಬಂದವರಿಗೆ ಕುಲಕರ್ಣಿ ಅಂಕಲ್ ಯಾರೆಂದು ಹೇಳಬೇಕು. ಧಾರವಾಡದವರು. ಹುಬ್ಬಳ್ಳಿಯ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಎಂಜಿನಿಯರಾಗಿದ್ದು, ಆಮೇಲೆ ಸ್ಯಾನ್ ಡಿಯೇಗೋಗೆ ಬಂದು, ಪಂಪು ತಯಾರಿಸುವ ಕಡೆ ದುಡಿದು ನಿವೃತ್ತರಾದವರು. ಅಲ್ಲಿಯ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಮನೆ. ಆ ಕಾಲದಲ್ಲಿ ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋವರೆಗೆ ನಮ್ಮ ಕನ್ನಡದವರು ಯಾರೇ ಕಾರು ಕೊಳ್ಳಲಿ, ಅವರನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಅವರೇ ಡೀಲರ ಹತ್ತಿರ ಬರುತ್ತಿದ್ದರು, ಜೇಬಿನಲ್ಲಿ ಟೈರಿನ ಗಾಳಿ ಅಳೆಯುವ ಗೇಜು, ಒಂದು ಪುಟ್ಟ ಟಾರ್ಚು. ಮೊದಲು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. “ಹಿಂದ ಯಾರು ಕೂಡ್ತಾರ?” ಎನ್ನುವುದು ಮೊದಲ ಪ್ರಶ್ನೆ. ಆಮೇಲೆ ಮುಂದೆ ಬಂದು, ಎಂಜಿನ್ ಶುರುಮಾಡಿ, ಹತ್ತು ನಿಮಿಷ ಕಣ್ಣುಮುಚ್ಚಿ ಕೂರುತ್ತಿದ್ದರು. ಸೇಲ್ಸಿನವರು ಇವರಿಗೇನೋ ಆಯಿತೆಂದು ಹೆದರಿ ನೀರು ತಂದದ್ದೂ ಉಂಟು. ಕಣ್ಣು ಬಿಟ್ಟು “ಛಲೋ ಅದ” ಎಂದರೆ ಮುಗಿಯಿತು. ಹೀಗಾಗಿ ಸಂಘದ ಊಟದ ದಿನ ಪಾರ್ಕಿಂಗ್ ತುಂಬ ಒಂದೇ ಜಾತಿಯ, ಒಂದೇ ಬೂದು ಬಣ್ಣದ ವ್ಯಾನುಗಳು. ನಾನೇ ಒಮ್ಮೆ ಬೇರೆ ಯಾರದೋ ವ್ಯಾನಿನಲ್ಲಿ ಕೋಸಂಬರಿಯ ಪಾತ್ರೆ ಇಟ್ಟು ಬಂದಿದ್ದೆ. ತಾವು ಆರಿಸಿದ ಗಾಡಿಯಿಂದ ಒಬ್ಬರಿಗೂ ಒಂದು ಗೀರೂ ಆಗಿಲ್ಲವೆಂಬುದು ಅಂಕಲ್ಲಿನ ಹೆಮ್ಮೆ. ಅದನ್ನು ಅವರು ಪ್ರತಿ ಊಟದಲ್ಲೂ ಹೇಳುತ್ತಿದ್ದರು. ನಾವು ನಗುತ್ತಿದ್ದೆವು, ಆದರೆ ನಂಬುತ್ತಿದ್ದೆವು.

ಒಂದು ಶನಿವಾರ ಎರಡು ಗಂಟೆ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದೆ. ಆಂಟಿ ಚುರುಮುರಿ ಕೊಟ್ಟರು. ನಾನು ಮೂರು ಬೈಕುಗಳ ಚಿತ್ರ ಮೇಜಿನ ಮೇಲಿಟ್ಟೆ. ರಸ್ತೆಯಲ್ಲೂ ಓಡಿಸಬೇಕು, ರೇಸ್ ಟ್ರ್ಯಾಕಿನಲ್ಲಿ ಸಾಮಾನ್ಯರಿಗೆ ಬಿಡುವ ದಿನ ಅಲ್ಲೂ ಓಡಿಸಬೇಕು, ಸ್ಟಂಟೂ ಕಲಿಯಬೇಕು, ಎಲ್ಲಕ್ಕೂ ಒಂದೇ ಬೈಕು ಬೇಕು ಎಂದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಚಿತ್ರ ನೋಡುತ್ತಾ ಕೂತರು. ನಮ್ಮವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಇದನ್ನೇ. ಆರಿಸುವ ಕೆಲಸ ಕೊಟ್ಟರೆ ಕುಲಕರ್ಣಿ ಅಂಕಲ್ ಆನೆಯನ್ನಾದರೂ ಆರಿಸಿಕೊಡುವ ಮನುಷ್ಯ. ಮೊದಲ ಅರ್ಧ ಗಂಟೆ ಅಭ್ಯಾಸಬಲದಿಂದ ಮೈಲೇಜ್ ಎಷ್ಟು, ಮಾರಿದರೆ ಎಷ್ಟು ಬರುತ್ತದೆ ಎಂದು ಇಬ್ಬರೂ ಹುಡುಕಿದೆವು. ಮುಂದಿನ ಚಕ್ರ ಎತ್ತಿ ಕೆಡವಲೆಂದೇ ಕೊಳ್ಳುವ ಬೈಕಿಗೆ ಮರುಮಾರಾಟದ ಬೆಲೆ ನೋಡಿದವರು ಈ ಭೂಮಿಯ ಮೇಲೆ ನಾವಿಬ್ಬರೇ ಇರಬೇಕು.

ಕೊನೆಗೆ ಅವರು ಕನ್ನಡಕ ತೆಗೆದರು. “ನೋಡವಾ, ಮೂರಕ್ಕೂ ಒಂದ ಗಾಡಿ ಅಂದ್ರ, ಲಗ್ನಕ್ಕೂ ಅದೇ ಸೀರಿ, ಒಲಿ ಮುಂದನೂ ಅದೇ ಸೀರಿ ಅಂದಂಗ ಆತು. ಮೂರರಾಗ ಖರೇ ಯಾವುದು, ಅದನ್ನ ಹೇಳು.”

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಯಾಕೆ ಎಂದು. ನಾಚಿಕೆಯಾದರೂ ಹೇಳಿಬಿಟ್ಟೆ: “ಮುಂದಿನ ಚಕ್ರ ಎತ್ತಬೇಕು ಅಂಕಲ್. ಒಂದೇ ಒಂದು ಸಲ. ರಸ್ತೇಲಲ್ಲ, ಅದನ್ನ ಕಲಿಸೋ ಕ್ಲಾಸಿದೆ, ಅಲ್ಲಿ. ಇಪ್ಪತ್ತು ವರ್ಷ ಬಗ್ಗಿದೀನಿ. ಒಂದು ಸಲ ಎದ್ದು ನೋಡ್ಬೇಕು.”

ಆಂಟಿ ಕಿಸಕ್ಕನೆ ನಕ್ಕರು. ಅಂಕಲ್ ನಗಲಿಲ್ಲ. ಮೂರರಲ್ಲಿ ಒಂದು ಚಿತ್ರ ನನ್ನ ಕಡೆ ಸರಿಸಿದರು. ನೆಟ್ಟಗೆ ಕೂತು ಓಡಿಸುವ, ಅಗಲ ಹ್ಯಾಂಡಲಿನ, ಎರಡು ಸಿಲಿಂಡರಿನ ಬೈಕು. ಬಣ್ಣ ಮತ್ತದೇ ಬೂದು. “ಇದು ಸಣ್ಣ ಸ್ಪೀಡಿನಾಗೂ ಬಲ ಕೊಡ್ತದ. ನಿಧಾನ ಏಳ್ತದ, ನಿಧಾನ ಇಳೀತದ. ಟ್ರ್ಯಾಕಿಗೂ ನಡೀತದ, ಬಜಾರಕ್ಕೂ ನಡೀತದ. ಇದು ಛಲೋ.” ಎರಡನೆಯದನ್ನು ಬದಿಗಿಟ್ಟು, ಮೂರನೆಯ ಚಿತ್ರವನ್ನು ಬೋರಲು ಹಾಕಿದರು. ಅದು ಟ್ರ್ಯಾಕಿಗೆಂದೇ ಹುಟ್ಟಿದ, ಹೊಟ್ಟೆಯ ಮೇಲೆ ಮಲಗಿದಂತೆ ಕೂತು ಓಡಿಸುವ, ನಾಲ್ಕು ಸಿಲಿಂಡರಿನ ಕೆಂಪು ಬೈಕು. “ಇದು ಬ್ಯಾಡ. ಇದು ಏಳಬೇಕಂದ್ರ ಇದಕ್ಕ ಸಿಟ್ಟು ಬರಬೇಕು. ಸಿಟ್ಟು ಬಂತಂದ್ರ ನಿನ್ನ ಕೈಯಾಗ ನಿಲ್ಲೂದಿಲ್ಲ.”

ಆಗ ನಾನು ಕೃತಜ್ಞತೆಯಿಂದ ತುಂಬಿಹೋಗಬೇಕಿತ್ತು. ಆದರೆ ವಾಪಸು ಬರುವ ದಾರಿಯಲ್ಲಿ ಸಿಟ್ಟು ಬಂತು. ಮತ್ತೆ ಬೂದು ಬಣ್ಣ, ಮತ್ತೆ “ಛಲೋ ಅದ”. ಬೈಕು ಕೊಳ್ಳುವಾಗಲೂ ವ್ಯಾನನ್ನೇ ಕೊಳ್ಳಬೇಕೇ? ಮುಂದಿನ ವಾರ ಡೀಲರ ಹತ್ತಿರ ಹೋದೆ. ಬೂದು ಬೈಕಿನ ಮೇಲೆ ಕೂತೆ, ಸುಖವಾಗಿತ್ತು. ಪಕ್ಕದಲ್ಲಿ ಕೆಂಪು ಬೈಕು ನಿಂತಿತ್ತು. ಕೂತರೆ ಮಣಿಕಟ್ಟು ನೋವು, ಕತ್ತು ನೋವು, ಪಾದದ ತುದಿ ಮಾತ್ರ ನೆಲಕ್ಕೆ. ಅದನ್ನೇ ತೆಗೆದುಕೊಂಡೆ.

ನಮ್ಮವರು ಮನೆಯ ಮುಂದೆ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋದರು. “ಅಂಕಲ್ ಇದನ್ನೇ ಹೇಳಿದ್ರಾ?”

“ಹೂಂ ರೀ. ಇದೇ ಛಲೋ ಅಂದ್ರು.”

ಧಾರವಾಡದ ಮಾತಿನ ಧಾಟಿಯನ್ನೂ ಸೇರಿಸಿ ಹೇಳಿದೆ ನೋಡಿ. ಸುಳ್ಳಿಗೆ ಅಷ್ಟು ಒಪ್ಪ ಕೊಟ್ಟೆ.

ಒಂದು ವರ್ಷ ಆ ಬೈಕು ನನಗೆ ಕೊಟ್ಟ ಸಂತೋಷವನ್ನು ನಾನು ಯಾರ ಮುಂದೆಯೂ ಕಡಿಮೆ ಮಾಡಿ ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಬೆಟ್ಟದ ಮೇಲೆ ಮಂಜು ಕೆಳಗಿರುತ್ತಿತ್ತು, ನಾನು ಮೇಲಿರುತ್ತಿದ್ದೆ. ಟ್ರ್ಯಾಕಿನಲ್ಲಿ ಮೊದಲ ದಿನ ಎಲ್ಲರಿಗಿಂತ ನಿಧಾನ ನಾನೇ. ನನ್ನನ್ನು ದಾಟಿದವರೆಲ್ಲ ಬೈಕಿನವರ ವಾಡಿಕೆಯಂತೆ ಕಾಲು ಚಾಚಿ ನಮಸ್ಕಾರ ಹೇಳಿ ಹೋದರು. ಕ್ಲಿನಿಕ್ಕಿಗೆ ಬೈಕಿನಲ್ಲೇ ಹೋಗಿ, ಹೆಲ್ಮೆಟ್ ತೆಗೆದು, ಬಿಳಿ ಕೋಟು ಹಾಕಿಕೊಂಡು, ಬಾಯಿ ತೆರೆಯಿರಿ ಎನ್ನುವಷ್ಟರಲ್ಲಿ ರೋಗಿಯ ಬಾಯಿ ತಾನಾಗಿಯೇ ತೆರೆದಿರುತ್ತಿತ್ತು. ಸೊಂಟ ನೋಯುತ್ತಿತ್ತು, ನಿಜ. ಸೊಂಟವನ್ನು ಯಾರು ಕೇಳಿದರು?

ಆಮೇಲೆ ಚಕ್ರ ಎತ್ತುವುದನ್ನು ಕಲಿಸುವ ತರಗತಿಗೆ ಹೋದೆ. ಸ್ಯಾನ್ ಡಿಯೇಗೋ ಕಡೆ ಬೇಲಿ ಹಾಕಿದ ದೊಡ್ಡ ಖಾಲಿ ಜಾಗ. ಕಲಿಸುವವನು ನನ್ನ ಕೆಂಪು ಬೈಕು ನೋಡಿ, ಮೊದಲು ತರಗತಿಯ ಬೈಕಿನಲ್ಲಿ ಕಲಿಯಿರಿ ಎಂದ. ಬೇಡ, ನನ್ನದರಲ್ಲೇ ಎಂದೆ. ಹಿಂದಿನ ಬ್ರೇಕಿನ ಮೇಲೆ ಕಾಲಿರಲಿ, ಚಕ್ರ ಜಾಸ್ತಿ ಎದ್ದರೆ ಅದನ್ನೊತ್ತಿ, ಇಳಿಯುತ್ತದೆ ಎಂದು ಹತ್ತು ಸಲ ಹೇಳಿದ. ಬೈಕು ಐದು ಸಲ ಏಳಲಿಲ್ಲ. ಆರನೆಯ ಸಲ ಎಂಜಿನ್ ಕಿರುಚುವವರೆಗೆ ಆಕ್ಸಿಲರೇಟರ್ ತಿರುಗಿಸಿ ಕ್ಲಚ್ ಬಿಟ್ಟೆ. ಅದಕ್ಕೆ ಸಿಟ್ಟು ಬಂತು. ಆಕಾಶ ಕಂಡಿತು, ಕಾಲು ಬ್ರೇಕನ್ನು ಮರೆಯಿತು, ಬೈಕು ಒಂದು ಕಡೆ, ನಾನು ಒಂದು ಕಡೆ. ಎಡಗಡೆಯ ಕಾಲರ್ ಬೋನ್ ಮುರಿದಿತ್ತು.

ಇಲ್ಲಿಯವರೆಗಿನದನ್ನು ನಗುತ್ತಾ ಬರೆದೆ. ಇನ್ನು ನಗು ಬರುವುದಿಲ್ಲ.

ಆಸ್ಪತ್ರೆಯಲ್ಲಿ ನೋವಿನ ಔಷಧಿ ಕೊಟ್ಟು ಮಲಗಿಸಿದ್ದರು. ನಮ್ಮವರು ಕಿಟಕಿಯ ಹತ್ತಿರ ನಿಂತು ಫೋನ್ ಮಾಡುತ್ತಿದ್ದರು. ಜೀವಮಾನದಲ್ಲಿ ಯಾರೊಡನೆಯೂ ಜೋರಾಗಿ ಮಾತಾಡದ ಮನುಷ್ಯ ದನಿ ಏರಿಸಿದ್ದರು. “ನಿಮ್ಮನ್ನ ನಂಬಿ ಬಿಟ್ಟೆ ಅಂಕಲ್. ನೀವು ಬೇಡ ಅಂದಿದ್ರೆ ಅವಳು ಕೇಳ್ತಿದ್ಲು. ಅಂಥ ಬೈಕನ್ನ ಹೆಂಗೆ ಛಲೋ ಅಂದ್ರಿ? ಅವಳ ಜೀವ ಹೋಗಿದ್ರೆ?”

ಆ ಕಡೆಯಿಂದ ಅಂಕಲ್ ಏನೂ ವಾದ ಮಾಡಲಿಲ್ಲ. “ಹೌದಪಾ. ಆಕಿ ಹೆಂಗಿದ್ದಾಳ?” ಎಂದದ್ದು ಫೋನಿನಿಂದ ನನ್ನ ಮಂಚದವರೆಗೂ ಕೇಳಿಸಿತು.

ನನಗೆ ಎಚ್ಚರವಿತ್ತು. ನನಗೆ ಪೂರ್ತಿ ಎಚ್ಚರವಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಣ್ಣುಮುಚ್ಚಿಕೊಂಡು ಔಷಧಿಯ ನಿದ್ದೆಯಲ್ಲಿರುವವಳಂತೆ ಮಲಗಿದ್ದೆ. ಇಡೀ ಊರಿಗೆ ಎದುರು ಮಾತಾಡಿದವಳು, ಹೃದಯದ ಡಾಕ್ಟರನ್ನು ಹಪ್ಪಳದ ಕಡೆ ಓಡಿಸಿದವಳು, ಕಣ್ಣು ತೆರೆಯಲು ಹೆದರಿದೆ.

ಮುಂದಿನದು ನಿಮಗೇ ಗೊತ್ತು, ಯಾಕೆಂದರೆ ಮಾಡಿದವರು ನೀವು. ಅಂಕಲ್ ಆರಿಸಿದ ಬೈಕಿನಿಂದಲೇ ನಾನು ಬಿದ್ದೆನೆಂಬ ಸುದ್ದಿ ಹಬ್ಬಿತು. ಆ ಯುಗಾದಿ ಊಟದಲ್ಲಿ ಯಾರೋ, “ಅಂಕಲ್, ನಮ್ಮತ್ತೆಗೆ ಒಂದು ರೇಸ್ ಬೈಕ್ ಆರಿಸಿಕೊಡಿ” ಎಂದರು. ಹಾಲ್ ತುಂಬ ನಗು. ಅಂಕಲ್ಲೂ ನಕ್ಕಂತೆ ಮಾಡಿದರು. ಒಂದು ಗೀರೂ ಆಗಿಲ್ಲವೆಂಬ ಮಾತನ್ನು ಆಮೇಲೆ ಅವರು ಹೇಳಲಿಲ್ಲ. ನಿಧಾನವಾಗಿ ಅವರನ್ನು ಕೇಳುವುದನ್ನು ಬಿಟ್ಟಿರಿ. ಪಾರ್ಕಿಂಗಿನಲ್ಲಿ ಬಣ್ಣಬಣ್ಣದ ಕಾರುಗಳು ಕಾಣಿಸಿಕೊಂಡವು. ಊಟಕ್ಕೆ ಬಂದರೆ ಅವರು ಆಂಟಿಯ ಪಕ್ಕ ಕೂತು, ಮೊಸರನ್ನ ಮುಗಿಸಿ, ಬೇಗ ಹೊರಡುತ್ತಿದ್ದರು. ನಾನು ದೂರದ ಮೇಜಿನಲ್ಲಿ ಕೂರುತ್ತಿದ್ದೆ. ಅವರು ಒಮ್ಮೆಯೂ ನನ್ನ ಕಡೆ ಬೆರಳು ತೋರಿಸಲಿಲ್ಲ. ಅದಕ್ಕೇ ನಾನು ಅವರ ಕಣ್ಣು ತಪ್ಪಿಸಿ ಓಡಾಡಿದೆ.

ಕಾಲರ್ ಬೋನ್ ಕೂಡಿಕೊಂಡ ಮೇಲೆ ಮನೆಯಲ್ಲಿ ಎರಡನೆಯ ಯುದ್ಧವಾಯಿತು. “ಇನ್ನು ಬೈಕಿನ ಮಾತೇ ಬೇಡ” ಎಂದರು ನಮ್ಮವರು. “ಮುರಿದಿದ್ದು ನನ್ನ ಮೂಳೆ, ಕೂಡಿದ್ದೂ ನನ್ನ ಮೂಳೆ” ಎಂದೆ. ಒಂದು ತಿಂಗಳು ಮಾತು ಉಪ್ಪು ಕೊಡು, ಖಾರ ಕೊಡು ಎನ್ನುವಷ್ಟಕ್ಕೇ ನಿಂತಿತು. ಕೊನೆಗೆ ಅವರು ಸೋತರು. ನಾನು ಹೋಗಿ ತಂದದ್ದು ಬೂದು ಬಣ್ಣದ್ದು, ಎರಡು ಸಿಲಿಂಡರಿನದು. ಅದು ಯಾರು ಆರಿಸಿದ್ದೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಅದೇ ತರಗತಿಗೆ, ಅದೇ ಬೇಲಿಯೊಳಗೆ ಮತ್ತೆ ಹೋದೆ. ಕಾಲು ಬ್ರೇಕಿನ ಮೇಲೆ, ವೇಗ ಸೈಕಲ್ಲಿನಷ್ಟು. ಸಣ್ಣಗೆ ತಿರುಗಿಸಿದೆ, ಕ್ಲಚ್ ಬಿಟ್ಟೆ. ಮುಂದಿನ ಚಕ್ರ ಮೆಲ್ಲಗೆ ನೆಲ ಬಿಟ್ಟಿತು. ಎರಡು ಸೆಕೆಂಡು ಇರಬಹುದು. ಮೆಲ್ಲಗೆ ಇಳಿಯಿತು. ನಿಧಾನ ಏಳುತ್ತದೆ, ನಿಧಾನ ಇಳಿಯುತ್ತದೆ ಎಂದಿದ್ದರಲ್ಲ, ಅಕ್ಷರಶಃ ಹಾಗೆಯೇ. ಹೆಲ್ಮೆಟ್ಟಿನೊಳಗೆ ಕೂಗಿದೆ, ಅತ್ತೆ, ಮತ್ತೆ ಕೂಗಿದೆ. ಕೆಳಗಿಳಿದು ಫೋನ್ ತೆಗೆದಾಗ ಹೇಳಬೇಕಾದವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವರಿಗೆ ಹೇಳುವ ಮುಖ ನನಗಿರಲಿಲ್ಲ. ಫೋನ್ ಜೇಬಿಗೆ ಹಾಕಿದೆ. ಅದಾಗಿಯೂ ಒಂದು ವರ್ಷ ಸುಮ್ಮನಿದ್ದೆ ಎಂದರೆ ನನ್ನ ಧೈರ್ಯದ ಆಳ ನಿಮಗೆ ಗೊತ್ತಾಗಬೇಕು.

ಹೋದ ತಿಂಗಳು ಕೊನೆಗೂ ಆ ಬೈಕಿನಲ್ಲೇ ಫೋರ್ ಎಸ್ ರ್ಯಾಂಚಿಗೆ ಹೋದೆ. ಅಂಕಲ್ ಹೊರಗೆ ಬಂದರು, ನನ್ನನ್ನು ನೋಡುವ ಮೊದಲು ಬೈಕನ್ನು ನೋಡಿದರು. ಸುತ್ತ ಒಂದು ಸುತ್ತು ಬಂದು, ಬಗ್ಗಿ ಚೈನು ಮುಟ್ಟಿ ನೋಡಿದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದು, ಆಸ್ಪತ್ರೆಯಲ್ಲಿ ಎಚ್ಚರವಿದ್ದದ್ದು, ಎಲ್ಲ. ಹಿರಿಯರು, ಹೋಗಲಿ ಬಿಡವಾ ಎನ್ನುತ್ತಾರೆಂದು ಒಳಗೊಳಗೇ ನಂಬಿದ್ದೆ.

“ಮೂರು ವರ್ಷ ಆತು” ಎಂದರು. ಮುಖ ಕೆಂಪಾಗಿತ್ತು. “ಮೂರು ವರ್ಷ ಕಾಯ್ದೆ. ಪ್ರತಿ ಊಟಕ್ಕೂ ಇವತ್ತ ಹೇಳ್ತಾಳ, ಇವತ್ತ ಹೇಳ್ತಾಳ ಅಂತ ಕಾಯ್ದೆ. ನನಗ ಭಾಳ ಕೆಟ್ಟ ಅನಿಸೇದ.”

“ನೀವೇ ಯಾಕೆ ಹೇಳಲಿಲ್ಲ ಅಂಕಲ್?”

“ನಾ ಹೇಳಿದ್ರ ನನ್ನ ಹೆಸರು ಉಳೀತಿತ್ತು. ನಿನ್ನ ಗಂಡ ಮತ್ತ ನಿನಗ ಗಾಡಿ ಮುಟ್ಟಲಿಕ್ಕೆ ಬಿಡ್ತಿದ್ದಿಲ್ಲ. ಸುಳ್ಳು ಹೇಳಿ ತಂದಾಕಿ ಅಂತ ಜೀವನಪೂರ್ತಿ ಅಂತಿದ್ದ. ಚಕ್ರ ಎತ್ತಬೇಕು ಅಂದಿದ್ದಿ, ಎತ್ತಲಿ ಅಂತ ಸುಮ್ಮನಾದೆ.” ಕೈ ಒರೆಸಿಕೊಂಡರು. “ಎತ್ತಿದಿಯೇನು?”

“ಎತ್ತಿದೆ ಅಂಕಲ್. ಎರಡು ಸೆಕೆಂಡು. ನೀವು ಹೇಳಿದ ಹಾಗೇ ಇಳೀತು.”

ಅವರ ಕಣ್ಣಲ್ಲಿ ನೀರು ಬಂತೋ, ನನ್ನ ಕಣ್ಣಲ್ಲಿ ಬಂದದ್ದಕ್ಕೆ ಹಾಗೆ ಕಂಡಿತೋ ಗೊತ್ತಿಲ್ಲ. ಆದರೆ ದನಿ ಮೆತ್ತಗಾಗಲಿಲ್ಲ. “ಛಲೋ ಆತು. ಈಗ ಹೋಗಿ ಹೇಳು. ನನ್ನ ಮುಂದ ಅಲ್ಲ, ಎಲ್ಲಾರ ಮುಂದ. ನನಗ ಅದು ಬೇಕಾಗೇದ.”

ಮೊದಲು ನಮ್ಮವರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕಾರಿನ ಕೀಲಿ ತೆಗೆದುಕೊಂಡು ಒಬ್ಬರೇ ಸ್ಯಾನ್ ಡಿಯೇಗೋಗೆ ಹೋಗಿ ಸಂಜೆಗೆ ಬಂದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, “ಆ ಮನುಷ್ಯನ ಹತ್ರ ನಾನು ಆಡಿದ ಮಾತು ನೆನೆಸಿಕೊಂಡ್ರೆ ಊಟ ಸೇರಲ್ಲ ಕಣೇ” ಎಂದರು. ಬೈಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೂ ನಾನು ಮಾರುತ್ತಿರಲಿಲ್ಲ.

ಈಗ ನಿಮ್ಮ ಸರದಿ. ಐವತ್ತಮೂರಕ್ಕೆ ಬೈಕು ಓಡಿಸುವುದಕ್ಕೆ, ಬಿದ್ದದ್ದಕ್ಕೆ, ಮತ್ತೆ ಹತ್ತಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಮುಂದಿನ ತಿಂಗಳು ಮತ್ತೆ ಟ್ರ್ಯಾಕಿಗೆ ಹೋಗುತ್ತಿದ್ದೇನೆ. ಆದರೆ ಆ ಕೆಂಪು ಬೈಕನ್ನು ಕುಲಕರ್ಣಿ ಅಂಕಲ್ ಬೇಡವೆಂದಿದ್ದರು. ತಂದವಳು ನಾನು, ಬಿದ್ದವಳು ನಾನು, ಬಾಯಿ ಮುಚ್ಚಿಕೊಂಡಿದ್ದವಳೂ ನಾನು. ಅವರು ಆರಿಸಿದ ಗಾಡಿಯಿಂದ ಇವತ್ತಿನವರೆಗೆ ಯಾರಿಗೂ ಒಂದು ಗೀರೂ ಆಗಿಲ್ಲ. ಅವರನ್ನು ನೋಡಿ ನಕ್ಕವರು ಅವರ ಮನೆಯ ಬೆಲ್ ಒತ್ತಿ, ಮೊದಲು ಕ್ಷಮೆ ಕೇಳಿ, ಆಮೇಲೆ ಗಾಡಿ ಕೇಳಿ. ಅವರು ಬೇಡವೆಂದದ್ದನ್ನೇ ತರುವುದಾದರೆ ಧಾರಾಳವಾಗಿ ತನ್ನಿ. ನಿಮ್ಮ ಹೆಸರಿನಲ್ಲಿ ತನ್ನಿ.